ಗ್ಯಾಸ್ ಅಂದರು, ಚೀಟಿ ಬರೆದರು

ಸೂರತ್‌ನಲ್ಲಿರುವ ನನ್ನ ಸೋದರಮಾವ ಹನ್ನೊಂದು ವರ್ಷ ದಿನಕ್ಕೊಂದು ಕ್ಯಾಪ್ಸೂಲ್ ನುಂಗಿದ್ದಾರೆ. ಯಾಕೆ ಎಂದು ಕೇಳಿದರೆ ಅವರ ಬಳಿ ಇದ್ದ ಉತ್ತರ ಒಂದೇ ಪದ: ಗ್ಯಾಸ್.

ಮಾವ ಕುಂದಾಪುರದ ಕಡೆಯವರು. ಇಪ್ಪತ್ತರ ವಯಸ್ಸಿಗೆ ಹೋಟೆಲ್ ಕೆಲಸಕ್ಕೆಂದು ಗುಜರಾತಿಗೆ ಹೋಗಿ, ಈಗ ಅಲ್ಲೇ ಇಡ್ಲಿ-ದೋಸೆಯ ಸ್ವಂತ ಹೋಟೆಲ್ ನಡೆಸುತ್ತಾರೆ. ಕಳೆದ ಚಳಿಗಾಲದಲ್ಲಿ ಎದೆಯುರಿ ತೀರಾ ಹೆಚ್ಚಾಗಿ ಎಂಡೋಸ್ಕೋಪಿ ಮಾಡಿಸಿಕೊಂಡರು. ರಿಪೋರ್ಟಿನ ಫೋಟೋ ತೆಗೆದು ವಡೋದರಾದಲ್ಲಿರುವ ನನಗೆ ವಾಟ್ಸಾಪ್ ಮಾಡಿದರು. "ನೀನು ಇದನ್ನೇ ಅಲ್ವಾ ಮಗಾ ಮಾಡುದು? ಎಂತ ಬರ್ದಿದಾರೆ, ಕನ್ನಡದಲ್ಲಿ ಹೇಳು." ರಿಪೋರ್ಟಿನಲ್ಲಿ ಇದ್ದದ್ದು ಎರಡು ಸಾಲು: ಸ್ಮಾಲ್ ಸ್ಲೈಡಿಂಗ್ ಹಯಾಟಸ್ ಹರ್ನಿಯಾ, ಲ್ಯಾಕ್ಸ್ ಎಲ್‌ಇಎಸ್. ಡಾಕ್ಟರು ಏನು ಹೇಳಿದರು ಎಂದು ಕೇಳಿದೆ. "ಎಂತದೂ ಹೇಳ್ಲಿಲ್ಲ. ಹರ್ನಿಯಾ ಉಂಟು, ಆಪರೇಷನ್ ಮಾಡಿಸಿದ್ರೆ ಒಳ್ಳೇದು, ಇಲ್ದಿದ್ರೆ ಇದೇ ಮಾತ್ರೆ ಕಂಟಿನ್ಯೂ ಅಂದ್ರು."

ಮಾವನಿಗೆ ಗುಜರಾತಿ ನನಗಿಂತ ಚೆನ್ನಾಗಿ ಬರುತ್ತದೆ. ಆ ಡಾಕ್ಟರೂ ಗುಜರಾತಿಯವರೇ. ಆದ್ದರಿಂದ ಇದು ಪರಭಾಷೆಯ ಊರಲ್ಲಿ ಸಿಕ್ಕಿಬಿದ್ದ ಕನ್ನಡಿಗನ ಕಥೆಯಲ್ಲ. ನಾನು ಅನುವಾದಕಿ, ಯಾವ ಸಮಸ್ಯೆ ಕಂಡರೂ ಅನುವಾದದ ಕೊರತೆ ಎಂದುಕೊಳ್ಳುವುದು ನನ್ನ ವೃತ್ತಿದೋಷ. ಇಲ್ಲಿ ಅನುವಾದಿಸಲು ಮೂಲವೇ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಯಾರೂ, ಯಾವ ಭಾಷೆಯಲ್ಲೂ, ಅವರ ಹೊಟ್ಟೆಯಲ್ಲಿ ನಡೆಯುತ್ತಿರುವುದೇನು ಎಂದು ಒಂದು ಪೂರ್ತಿ ವಾಕ್ಯ ಹೇಳಿರಲಿಲ್ಲ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಅಲ್ಲಿಂದಲೇ ಬಂದದ್ದು. ಅಹಮದಾಬಾದ್ ಔಷಧ ಪ್ರಯೋಗಗಳನ್ನು ನಡೆಸಿಕೊಡುವ ಕಂಪನಿಗಳ ಊರು. ಬೆಂಗಳೂರು, ಮೈಸೂರು, ಬೆಳಗಾವಿಯ ಆಸ್ಪತ್ರೆಗಳೂ ಸೇರುವ ಪ್ರಯೋಗವಾದರೆ ಅದರ ಒಪ್ಪಿಗೆ ಪತ್ರ ಕನ್ನಡಕ್ಕೆ ಬರಬೇಕು. ಆ ಕೆಲಸದಲ್ಲಿ ಒಂದಿಷ್ಟು ನನ್ನ ಪಾಲಿಗೆ ಬರುತ್ತದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಭಾಗವಹಿಸುವವರಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ಹೇಳಬೇಕು: ಔಷಧ ಯಾಕೆ, ಎಷ್ಟು ದಿನ, ಏನು ಲಾಭ, ಏನು ಅಪಾಯ, ಇದಲ್ಲದೆ ಬೇರೆ ಯಾವ ಚಿಕಿತ್ಸೆಗಳಿವೆ, ಬೇಡವೆನಿಸಿದರೆ ಬಿಡುವ ಹಕ್ಕು ಹೇಗೆ. ನಾನು ಅನುವಾದಿಸಿದ್ದನ್ನು ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ತಂದು ಅರ್ಥ ಸರಿಯಿದೆಯೇ ಎಂದು ನೋಡುತ್ತಾರೆ. 'ಎದೆಯುರಿ'ಯೋ 'ಎದೆನೋವೋ' ಎಂದು ಎರಡು ದಿನ ಪತ್ರವ್ಯವಹಾರ ನಡೆದದ್ದುಂಟು. ಪ್ರಯೋಗಕ್ಕೆ ಒಳಗಾಗುವವನಿಗೆ ಇಷ್ಟು ಮರ್ಯಾದೆ. ಅದೇ ಜಾತಿಯ ಮಾತ್ರೆಯನ್ನು ಅಂಗಡಿಯಲ್ಲಿ ಸ್ವಂತ ದುಡ್ಡು ಕೊಟ್ಟು ಹನ್ನೊಂದು ವರ್ಷ ಕೊಳ್ಳುವವನಿಗೆ? ಒಂದು ಪದ.

ಆ ಪದದ ಬಗ್ಗೆ ಸ್ವಲ್ಪ ಜಗಳವಾಡಬೇಕು. ನಮ್ಮ ಭಾಷೆಯಲ್ಲಿ ಎದೆಯುರಿ ಇದೆ, ಹುಳಿತೇಗು ಇದೆ, ಹೊಟ್ಟೆಯುಬ್ಬರ ಇದೆ, ಅಜೀರ್ಣ ಇದೆ. ಗುಜರಾತಿಯಲ್ಲಿ ಛಾತೀಮಾ ಬಳತರಾ ಇದೆ, ಖಾಟಾ ಓಡಕಾರ್ ಇದೆ. ಇವು ಬೇರೆಬೇರೆ ಅನುಭವಗಳಿಗೆ ಜನ ಇಟ್ಟುಕೊಂಡ ಬೇರೆಬೇರೆ ಹೆಸರುಗಳು. ಒಳ್ಳೆಯ ವೈದ್ಯರಿಗೆ ಇವುಗಳಲ್ಲೇ ಅರ್ಧ ರೋಗನಿರ್ಣಯ ಸಿಗುತ್ತದೆ. ಇವೆಲ್ಲವನ್ನೂ 'ಗ್ಯಾಸ್' ನುಂಗಿ ಕೂತಿದೆ. ಕನ್ನಡದಲ್ಲಿ ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಜಠರಕ್ಕೆ ಸಂಬಂಧಿಸಿದ' ಎಂಬರ್ಥದ ಇಂಗ್ಲಿಷ್ ವಿಶೇಷಣವನ್ನೇ ರೋಗದ ಹೆಸರಾಗಿಸಿದ್ದೇವೆ: "ನನಗೆ ಗ್ಯಾಸ್ಟ್ರಿಕ್ ಇದೆ." ಭಾಷೆ ಹೀಗೆಲ್ಲ ಮಾಡುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಡಾಕ್ಟರೂ ಅದೇ ಪದ ಆಡಿ ಮಾತು ಮುಗಿಸುವುದಕ್ಕೆ. ಎಂಥ ಉರಿ, ಯಾವಾಗ, ಮಲಗಿದಾಗಲೋ ಬಗ್ಗಿದಾಗಲೋ ಎಂದು ಕೇಳಬೇಕಾದ ಜಾಗದಲ್ಲಿ 'ಗ್ಯಾಸ್' ಬಂದು ಕೂತರೆ ಪ್ರಶ್ನೆಗಳಿಗೆ ಜಾಗವಿಲ್ಲ. ಆಯಾಸಪಟ್ಟಾಗ ಬರುವ, ಬೆವರು ತರಿಸುವ, ಭುಜಕ್ಕೋ ದವಡೆಗೋ ಹರಿಯುವ ಎದೆನೋವನ್ನು ಗ್ಯಾಸ್ ಎಂದುಕೊಂಡು ಮನೆಯಲ್ಲಿ ಈನೋ ಕುಡಿದು ಕೂತ ಹೃದಯಾಘಾತದ ಕಥೆ ನಿಮ್ಮ ಬಂಧುಬಳಗದಲ್ಲೂ ಒಂದು ಇದ್ದೀತು.

ಹಾಗಾದರೆ ಮಾವನಿಗೆ ಯಾರೋ ಹೇಳಬೇಕಿದ್ದ ಆ ಕೆಲವು ವಾಕ್ಯಗಳು ಯಾವುವು?

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಅದರಲ್ಲಿ ಒಂದು ಕಿಂಡಿ; ಅನ್ನನಾಳ ಆ ಕಿಂಡಿಯಿಂದ ಇಳಿದು ಜಠರ ಸೇರುತ್ತದೆ. ಸೇರುವ ಜಾಗದಲ್ಲಿ ಅನ್ನನಾಳದ ಕೊನೆಯ ಸ್ನಾಯು ಬಾಗಿಲಿನ ಹಾಗೆ ಬಿಗಿಯಾಗಿರುತ್ತದೆ. ರಿಪೋರ್ಟಿನ 'ಎಲ್‌ಇಎಸ್' ಅದೇ; 'ಲ್ಯಾಕ್ಸ್' ಎಂದರೆ ನೋಡುವಾಗ ಅದು ಸಡಿಲವಾಗಿ ಕಂಡಿತು, ಅಷ್ಟೇ. ಕಿಂಡಿ ಅಗಲವಾಗಿ ಜಠರದ ಮೇಲ್ತುದಿ ಎದೆಯ ಕಡೆಗೆ ಜಾರಿದರೆ ಅದು ಹಯಾಟಸ್ ಹರ್ನಿಯಾ. ಅದರಲ್ಲಿ ಬಹುಪಾಲು 'ಸ್ಲೈಡಿಂಗ್' ಬಗೆಯದು, ಮೇಲೆ ಕೆಳಗೆ ಜಾರುವಂಥದ್ದು. ವಯಸ್ಸಾದವರಲ್ಲಿ ಇದು ಸಾಮಾನ್ಯ, ಸಣ್ಣದಾದರೆ ಅದೊಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ. ಆದರೆ ಹರ್ನಿಯಾ ಎಂದರೆ ಕನ್ನಡಿಗನಿಗೂ, ಸಾರಣಗಾಂಠ ಎಂದರೆ ಗುಜರಾತಿಯವನಿಗೂ ಕಣ್ಣೆದುರು ಬರುವುದು ತೊಡೆಸಂದಿನ ಉಬ್ಬು, ಅದು ಸಿಕ್ಕಿಕೊಂಡರೆ ಪ್ರಾಣಾಪಾಯ ಎಂಬ ಭಯ. ಆ ಹೆಸರನ್ನು ವಿವರಣೆಯಿಲ್ಲದೆ ಉಚ್ಚರಿಸಿದರೆ ಅರ್ಧ ಆಪರೇಷನ್ ಮಾಡಿದ ಹಾಗೆ. ರೋಗಿ ಆಗಲೇ ಹೆದರಿ ಮಂಚ ಹತ್ತಿರುತ್ತಾನೆ.

ಇನ್ನು ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಎಲ್ಲ ಒಂದೇ ಕುಟುಂಬ. ಮೊದಲನೆಯದಾದ ಒಮೆಪ್ರಜೋಲ್ 1988ರಲ್ಲಿ ಮಾರುಕಟ್ಟೆಗೆ ಬಂತು. ಇದು ದೊಡ್ಡ ಔಷಧ, ಅನುಮಾನ ಬೇಡ. ಹುಣ್ಣಿಗೆ ಹೊಟ್ಟೆ ಕೊಯ್ಯುತ್ತಿದ್ದ ಕಾಲವನ್ನು ಮುಗಿಸಿದ್ದರಲ್ಲಿ ಇದರ ಪಾಲು ಬಹಳ. ಆದರೆ ಅದು ಮಾಡುವ ಕೆಲಸ ಒಂದೇ, ಜಠರದ ಆಮ್ಲ ತಗ್ಗಿಸುವುದು. ಮೇಲಕ್ಕೆ ಬರುವುದನ್ನು ಅದು ತಡೆಯುವುದಿಲ್ಲ, ಬರುವುದರ ಹುಳಿ ಕಳೆಯುತ್ತದೆ. ಆಮ್ಲ ಸುರಿಸುವ ಪಂಪುಗಳು ಊಟದ ಹೊತ್ತಿಗೆ ಚುರುಕಾಗುವುದರಿಂದ ಮಾತ್ರೆ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಒಳಗೆ ಹೋಗಿರಬೇಕು. ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಕಾಲೇಜಿನ 2022ರ ಮಾರ್ಗಸೂಚಿ ಹೇಳುವ ಕ್ರಮ ಸರಳ: ಅಪಾಯದ ಲಕ್ಷಣಗಳಿಲ್ಲದವರಿಗೆ ದಿನಕ್ಕೊಂದರಂತೆ ಎಂಟು ವಾರ ಕೊಡಿ, ಗುಣ ಕಂಡರೆ ನಿಲ್ಲಿಸಿ ನೋಡಿ, ಗುಣ ಕಾಣದಿದ್ದರೆ ಅಥವಾ ನಿಲ್ಲಿಸಿದಾಗ ಮರಳಿದರೆ ಎಂಡೋಸ್ಕೋಪಿ ಮಾಡಿ. ಎಂಟು ವಾರ. ಮಾವನ ಚೀಟಿಯಲ್ಲಿ ಅವಧಿಯೇ ಇರಲಿಲ್ಲ.

ನಿಲ್ಲಿಸಿದರೆ ಉರಿ ಹೆಚ್ಚುತ್ತದಲ್ಲ, ಅದಕ್ಕೇ ಬಿಡಲಾಗುವುದಿಲ್ಲ ಎಂದು ಮಾವ ಹೇಳುತ್ತಿದ್ದರು. ಅವರ ಅನುಭವ ಸುಳ್ಳಲ್ಲ. 2009ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಎದೆಯುರಿಯೇ ಇಲ್ಲದ 120 ಆರೋಗ್ಯವಂತರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ವಾರ ಈ ಕುಟುಂಬದ ಮಾತ್ರೆ ಕೊಟ್ಟು ಆಮೇಲೆ ಬರೀ ಹಿಟ್ಟಿನ ಮಾತ್ರೆ, ಇನ್ನೊಂದಕ್ಕೆ ಉದ್ದಕ್ಕೂ ಹಿಟ್ಟಿನ ಮಾತ್ರೆ. ಔಷಧ ನಿಂತ ನಂತರದ ವಾರಗಳಲ್ಲಿ ಮೊದಲ ಗುಂಪಿನ ಶೇ. 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ, ಎರಡನೆಯದರಲ್ಲಿ ಶೇ. 15. ಅಂದರೆ ಬಿಟ್ಟ ಕೂಡಲೇ ಬರುವ ಉರಿಯಲ್ಲಿ ಒಂದು ಪಾಲು ಮಾತ್ರೆ ಬಿಟ್ಟದ್ದರದೇ, ಕೆಲವು ವಾರಗಳಲ್ಲಿ ಇಳಿಯುವಂಥದ್ದು. ಇದನ್ನು ಮೊದಲೇ ಹೇಳಿದ್ದರೆ ತಡೆದುಕೊಳ್ಳಬಹುದು. ಹೇಳದಿದ್ದರೆ ಅದೇ ಆಜೀವ ಚಂದಾದಾರಿಕೆಗೆ ಕಾರಣ.

ಇಲ್ಲಿಗೆ ನಿಲ್ಲಿಸಿದರೆ ನಾನೂ ವಾಟ್ಸಾಪ್ ಪಂಡಿತರ ಸಾಲಿಗೆ ಸೇರುತ್ತೇನೆ. ಈ ಮಾತ್ರೆಯಿಂದ ಕಿಡ್ನಿ ಹೋಗುತ್ತದೆ, ಮರೆವು ಬರುತ್ತದೆ, ಇವತ್ತೇ ಬಿಸಾಡಿ ಎನ್ನುವ ಫಾರ್ವರ್ಡುಗಳೂ ಸೂರತ್ತಿನ ಫ್ಯಾಮಿಲಿ ಗ್ರೂಪುಗಳಲ್ಲಿ ದಂಡಿಯಾಗಿ ಓಡಾಡುತ್ತವೆ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ 17,598 ಹೃದ್ರೋಗಿಗಳಿಗೆ ಸುಮಾರು ಮೂರು ವರ್ಷ ಪ್ಯಾಂಟೊಪ್ರಜೋಲ್ ಅಥವಾ ಹಿಟ್ಟಿನ ಮಾತ್ರೆ ಕೊಟ್ಟು ನೋಡಿದರು. ಸ್ಪಷ್ಟವಾಗಿ ಕಂಡ ವ್ಯತ್ಯಾಸ ಒಂದೇ: ಕರುಳಿನ ಸೋಂಕು, ಒಂದೆಡೆ ಶೇ. 1.4, ಇನ್ನೊಂದೆಡೆ ಶೇ. 1. ಅನ್ನನಾಳ ತೀವ್ರವಾಗಿ ಸುಟ್ಟವರು, ಅದರ ಒಳಪದರ ಬದಲಾಗಿ 'ಬ್ಯಾರೆಟ್ಸ್' ಸ್ಥಿತಿ ಬಂದವರು, ಆಸ್ಪಿರಿನ್‌ನಂಥದ್ದು ತೆಗೆದುಕೊಳ್ಳುವುದರಿಂದ ರಕ್ತಸ್ರಾವದ ಅಪಾಯ ಇರುವವರು ಇದನ್ನು ವರ್ಷಗಟ್ಟಲೆ ತೆಗೆದುಕೊಳ್ಳಲೇಬೇಕು. ಅಂಥವರು ಈ ಲೇಖನ ಓದಿ ಬಿಟ್ಟರೆ ತಪ್ಪು ನನ್ನದಾಗುತ್ತದೆ. ನನ್ನ ಜಗಳ ಮಾತ್ರೆಯ ಜೊತೆಗಲ್ಲ. 'ನೀವು ಆ ಗುಂಪಿನವರೋ ಅಲ್ಲವೋ' ಎಂದು ಯಾರೂ ಹೇಳದೇ ಇರುವುದರ ಜೊತೆಗೆ.

ಮಾವನ ಕ್ಯಾಪ್ಸೂಲಿನ ಹೆಸರಿನ ಕೊನೆಗೆ ಒಂದು ಬಾಲ ಇತ್ತು: 'ಡಿಎಸ್‌ಆರ್'. ಅದೆಂತ ಎಂದು ಕೇಳಿದೆ. "ಡಿ ಅಂದ್ರೆ ಡೈಜೆಷನ್ ಇರ್ಬೇಕು." ಅಲ್ಲ. ಡೊಂಪೆರಿಡೋನ್, ನಿಧಾನವಾಗಿ ಬಿಡುಗಡೆಯಾಗುವ ರೂಪದಲ್ಲಿ. ಇಂಥ ಕ್ಯಾಪ್ಸೂಲುಗಳಲ್ಲಿ ಸಾಮಾನ್ಯವಾಗಿ 30 ಮಿಲಿಗ್ರಾಂ. ಇದು ವಾಂತಿ ತಡೆಯುವ ಔಷಧ. ಹೃದಯದ ಲಯ ಕೆಡಿಸುವ ಅಪಾಯ ಕಂಡು ಯುರೋಪಿನ ಔಷಧ ನಿಯಂತ್ರಕರು 2014ರಲ್ಲಿ ಇದನ್ನು ವಾಕರಿಕೆ-ವಾಂತಿಗೆ ಮಾತ್ರ ಎಂದು ಮಿತಿಗೊಳಿಸಿದರು, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಡ ಎಂದರು. ಎದೆಯುರಿ, ಹೊಟ್ಟೆಯುಬ್ಬರಕ್ಕೆ ಕೊಡುವುದನ್ನು ಪಟ್ಟಿಯಿಂದ ತೆಗೆದರು. ಮಾವನಿಗೆ ವಾಂತಿಯೇ ಇರಲಿಲ್ಲ. ಮೂರು ಅಕ್ಷರದ ಬಾಲದಲ್ಲಿ ಎರಡನೆಯ ಔಷಧವೊಂದು ಕೂತಿದೆ ಎನ್ನುವುದು ಹನ್ನೊಂದು ವರ್ಷ ನುಂಗಿದವರಿಗೆ ಗೊತ್ತಿರಲಿಲ್ಲ. ಇದನ್ನು ಚಿಕಿತ್ಸೆ ಎಂದು ಹೇಗೆ ಕರೆಯಲಿ?

ಆಮೇಲೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಮಾತ್ರೆ ಯಾವಾಗ ತೆಗೆದುಕೊಳ್ಳುತ್ತೀರಿ? "ರಾತ್ರಿ. ಹೋಟೆಲ್ ಬಾಗಿಲು ಹಾಕಿ, ಊಟ ಮಾಡಿ, ಮಲಗುವಾಗ." ಹನ್ನೊಂದೂವರೆಗೆ ಊಟ, ಮೇಲೆ ಮಾತ್ರೆ, ಹನ್ನೆರಡಕ್ಕೆ ಹಾಸಿಗೆ. ಊಟಕ್ಕೆ ಮೊದಲು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಎರಡು ಸೆಕೆಂಡ್ ಸಾಕಿತ್ತು.

ಈ ಎರಡು ಸೆಕೆಂಡಿನ ಬೆಲೆ ಎಷ್ಟು ಎನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ 2019ರ ಒಂದು ಅಮೆರಿಕನ್ ಅಧ್ಯಯನ. ಮಾತ್ರೆಗೂ ಬಗ್ಗದ ಎದೆಯುರಿ ಎಂದು ಕಳಿಸಲಾಗಿದ್ದ 366 ಮಂದಿಯನ್ನು ತೆಗೆದುಕೊಂಡು, ಮಾತ್ರೆಯೋ ಆಪರೇಷನ್ನೋ ಯಾವುದು ಮೇಲು ಎಂದು ನೋಡುವ ಉದ್ದೇಶ. ಮೊದಲು ಎಲ್ಲರಿಗೂ ಒಮೆಪ್ರಜೋಲನ್ನೇ ಕಟ್ಟುನಿಟ್ಟಿನ ಸೂಚನೆಯೊಂದಿಗೆ ಎರಡು ವಾರ ಕೊಟ್ಟರು. 42 ಮಂದಿಗೆ ಅಷ್ಟರಲ್ಲೇ ವಾಸಿಯಾಯಿತು. ಉಳಿದವರಿಗೆ ಪರೀಕ್ಷೆಗಳಾದವು. 99 ಮಂದಿಗೆ ಇದ್ದದ್ದು ಆಮ್ಲಕ್ಕೆ ಸಂಬಂಧವಿಲ್ಲದ, ಅನ್ನನಾಳದ ಸೂಕ್ಷ್ಮತೆಯಿಂದ ಬರುವ ಉರಿ; 23 ಮಂದಿಗೆ ಅನ್ನನಾಳದ ಬೇರೆಯೇ ರೋಗ. ಕೊನೆಗೆ ನಿಜವಾಗಿ ಹೋಲಿಕೆಗೆ ಉಳಿದವರು 78. ಆ 78ರಲ್ಲಿ ಆಪರೇಷನ್ ಆದವರ ಪೈಕಿ ಶೇ. 67 ಮಂದಿಗೆ ಗುಣ ಕಂಡಿತು, ಹೆಚ್ಚಿನ ಔಷಧ ಪಡೆದವರಲ್ಲಿ ಶೇ. 28 ಮಂದಿಗೆ. ಆಪರೇಷನ್ ಮಾಡುವವರು ಈ ಕೊನೆಯ ಅಂಕಿಯನ್ನು ತೋರಿಸುತ್ತಾರೆ. 366ರಿಂದ 78ಕ್ಕೆ ಹೇಗೆ ಇಳಿದೆವು ಎನ್ನುವುದನ್ನೂ ತೋರಿಸಬೇಕು. ಸರಿಯಾದವರನ್ನು ಆರಿಸಿದರೆ ಆಪರೇಷನ್ ಅದ್ಭುತ. ಆರಿಸುವ ಕೆಲಸವೇ ವೈದ್ಯಕೀಯ.

ಆರಿಸುವುದು ಹೇಗೆ ಎನ್ನುವುದು ಗುಟ್ಟೇನಲ್ಲ. ಎಂಡೋಸ್ಕೋಪಿಯಲ್ಲಿ ಸ್ಪಷ್ಟ ಸುಟ್ಟಗಾಯ ಕಾಣದಿದ್ದರೆ, ಮೂಗಿನಿಂದ ಸಣ್ಣ ನಳಿಕೆ ಇಳಿಸಿ 24 ಗಂಟೆ ಆಮ್ಲ ಎಷ್ಟು ಹೊತ್ತು ಮೇಲೆ ಬಂತೆಂದು ಅಳೆಯುವ ಪಿಎಚ್ ಪರೀಕ್ಷೆ ಇದೆ, ಶೇ. 6ಕ್ಕಿಂತ ಹೆಚ್ಚು ಹೊತ್ತಾದರೆ ರೋಗ ಖಚಿತ. ಅನ್ನನಾಳ ಸರಿಯಾಗಿ ಹಿಂಡುತ್ತಿದೆಯೇ ಎಂದು ನೋಡುವ ಮ್ಯಾನೊಮೆಟ್ರಿ ಇದೆ. ಬಾಗಿಲು ಸಡಿಲವಾಗುವ ಬದಲು ತೆರೆಯದೇ ಇರುವ 'ಅಕಲೇಷಿಯಾ' ಎಂಬ ರೋಗಕ್ಕೂ ಎದೆಯುರಿಯ ಹೆಸರು ಬೀಳುವುದುಂಟು. ಅದನ್ನು ತಿಳಿಯದೆ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿದರೆ ಆ ಮನುಷ್ಯನ ಗತಿ ಏನು? ಈ ಯಾವುದೂ ಇಲ್ಲದೆ, 'ಲ್ಯಾಕ್ಸ್ ಎಲ್‌ಇಎಸ್' ಎಂಬ ಕಣ್ಣಂದಾಜಿನ ಮೇಲೆ ಆಪರೇಷನ್ ಸೂಚಿಸುವುದನ್ನು ನಾನು ಸಲಹೆ ಎನ್ನಲಾರೆ.

ಆಪರೇಷನ್ನಿನ ಹೆಸರು ಫಂಡೊಪ್ಲಿಕೇಷನ್. ಕಿಂಡಿಯನ್ನು ಹೊಲಿದು, ಜಠರದ ಮೇಲ್ತುದಿಯನ್ನು ಅನ್ನನಾಳದ ಕೊನೆಗೆ ಮಫ್ಲರಿನ ಹಾಗೆ ಸುತ್ತುವುದು. ಬಾಸೆಲ್‌ನಲ್ಲಿದ್ದ ರುಡಾಲ್ಫ್ ನಿಸ್ಸೆನ್ 1955ರಲ್ಲಿ ಇದನ್ನು ಮಾಡಿದರು. 1948ರಲ್ಲಿ ಐನ್‌ಸ್ಟೈನ್ ಅವರ ಹೊಟ್ಟೆಯ ಆಪರೇಷನ್ ಮಾಡಿದ್ದೂ ಇವರೇ. 1991ರಿಂದ ಇದು ಲ್ಯಾಪರೊಸ್ಕೋಪಿಯಲ್ಲಿ ನಡೆಯುತ್ತಿದೆ. ಮಾತ್ರೆಗೆ ಚೆನ್ನಾಗಿ ಸ್ಪಂದಿಸುವವರಲ್ಲಿ ಇದನ್ನೂ ಮಾತ್ರೆಯನ್ನೂ ಹೋಲಿಸಿದ ಯುರೋಪಿನ ಪ್ರಯೋಗದಲ್ಲಿ ಐದು ವರ್ಷದ ನಂತರ ನೆಮ್ಮದಿಯಾಗಿದ್ದವರು ಮಾತ್ರೆಯಲ್ಲಿ ಶೇ. 92, ಆಪರೇಷನ್ನಿನಲ್ಲಿ ಶೇ. 85. ಸ್ವೀಡನ್ನಿನಲ್ಲಿ ಆಪರೇಷನ್ ಆದ 2,655 ಮಂದಿಯನ್ನು ಹಿಂಬಾಲಿಸಿದಾಗ ಸರಾಸರಿ ಐದು ವರ್ಷದಲ್ಲಿ ಶೇ. 17.7 ಮಂದಿಗೆ ತೊಂದರೆ ಮರಳಿತ್ತು. ಇವು ಕೆಟ್ಟ ಅಂಕಿಗಳಲ್ಲ, ಆದರೆ 'ಒಮ್ಮೆ ಮಾಡಿಸಿಬಿಡಿ, ಮುಗಿಯಿತು' ಎನ್ನುವ ಅಂಕಿಗಳೂ ಅಲ್ಲ. ಇನ್ನೊಂದು ಸಂಗತಿ: ಬಾಗಿಲು ಬಿಗಿಯಾದ ಮೇಲೆ ಕೆಲವರಿಗೆ ತೇಗು ಬರುವುದಿಲ್ಲ, ಹೊಟ್ಟೆ ಉಬ್ಬಿ ಕೂರುತ್ತದೆ. ಗ್ಯಾಸ್ ಎಂದು ಹೋದವರು ನಿಜವಾದ ಗ್ಯಾಸ್ ಹೊತ್ತು ಬರಬಹುದು.

ಹಾಗೆಂದು ನಾನು ಆಪರೇಷನ್ ವಿರೋಧಿಯಲ್ಲ. ಅಹಮದಾಬಾದಿನಲ್ಲಿ ನನ್ನ ಗೆಳತಿಯ ತಾಯಿ, ಎಪ್ಪತ್ತು ದಾಟಿದವರು, ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ, ಗ್ಯಾಸ್ ಎಂದು ಪ್ಯಾಂಟೊಪ್ರಜೋಲ್, ವಯಸ್ಸಾಯಿತು ಎಂದು ಸಮಾಧಾನ. ಕೊನೆಗೆ ಒಬ್ಬರು ಸ್ಕ್ಯಾನ್ ಮಾಡಿಸಿದಾಗ ಜಠರದ ಅರ್ಧಕ್ಕೂ ಹೆಚ್ಚು ಭಾಗ ಎದೆಯೊಳಗೆ ಹತ್ತಿ ಕೂತಿತ್ತು. ಅದು ಜಾರುವ ಬಗೆಯದಲ್ಲ, ಪಕ್ಕದಲ್ಲಿ ನುಗ್ಗುವ ಬಗೆಯದು, ತಿರುಚಿಕೊಂಡರೆ ಅಪಾಯ. ಅವರಿಗೆ ಬೇಕಾಗಿದ್ದದ್ದು ಆಪರೇಷನ್ನೇ, ಅದೂ ಎರಡು ವರ್ಷ ಮೊದಲೇ. ಈಗ ಆರಾಮವಾಗಿದ್ದಾರೆ. ಮಾವನಿಗೆ ಬೇಡದ ಆಪರೇಷನ್ ಸೂಚಿಸಿದ್ದೂ ಇವರಿಗೆ ಬೇಕಾದದ್ದನ್ನು ತಪ್ಪಿಸಿದ್ದೂ ಒಂದೇ ಪದ.

ಪಥ್ಯದ ವಿಷಯದಲ್ಲೂ ಇದೇ ಗೋಳು. 'ಖಾರ ಬಿಡಿ, ಎಣ್ಣೆ ಬಿಡಿ, ಟೆನ್ಷನ್ ಬಿಡಿ' ಎನ್ನುವುದು ಸಲಹೆಯಲ್ಲ, ಬೀಳ್ಕೊಡುಗೆ. ಊಟಕ್ಕೆ ಸೂರತ್, ಸಾವಿಗೆ ಕಾಶಿ ಎಂದು ಗುಜರಾತಿಯಲ್ಲಿ ಗಾದೆಯೇ ಇದೆ. ಅಲ್ಲಿ ನಲವತ್ತು ವರ್ಷ ಬಾಳಿದವರಿಗೆ ಲೋಚೋ, ಉಂಧಿಯು, ಭಾನುವಾರದ ಫಾಫಡಾ-ಜಲೇಬಿ ಎಲ್ಲ ಬಿಡಿ ಎಂದರೆ ಒಂದು ವಾರ ಬಿಟ್ಟಾರು. ಒಳ್ಳೆಯ ಪುರಾವೆ ಇರುವ ಸಲಹೆಗಳು ಕೆಲವೇ: ತೂಕ ಹೆಚ್ಚಿದ್ದರೆ ಇಳಿಸುವುದು, ಮಲಗುವುದಕ್ಕೆ ಮೂರು ಗಂಟೆ ಮೊದಲು ಊಟ ಮುಗಿಸುವುದು, ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸುವುದು, ಎಡಮಗ್ಗುಲಲ್ಲಿ ಮಲಗುವುದು, ತಂಬಾಕು ಬಿಡುವುದು. ಮಾವನ ಹೋಟೆಲಿನ ಪಕ್ಕದ ಜೈನ ವ್ಯಾಪಾರಿ ಚೌವಿಹಾರ ಪಾಲಿಸುತ್ತಾರೆ, ಸೂರ್ಯ ಮುಳುಗಿದ ಮೇಲೆ ಏನೂ ಮುಟ್ಟುವುದಿಲ್ಲ. ಇದನ್ನು ನಾನು ಧರ್ಮದ ಮಾತಾಗಿ ಹೇಳುತ್ತಿಲ್ಲ. ಬೇಗ ಉಣ್ಣುವುದು ಆ ಊರಿನಲ್ಲಿ ಅಸಾಧ್ಯವಲ್ಲ ಎನ್ನಲು ಉದಾಹರಣೆ. ಡಾಕ್ಟರು ಅಲ್ಲಿಂದಲೇ ಮಾತು ಶುರು ಮಾಡಬಹುದಿತ್ತು.

ವೈದ್ಯ ಮಿತ್ರರು ಹೇಳುವುದು ನನಗೆ ಗೊತ್ತು. ಹೊರಗೆ ಎಂಬತ್ತು ಜನ ಕಾಯುತ್ತಿರುತ್ತಾರೆ. ಅಸಾರ್ವಾದ ಸಿವಿಲ್ ಆಸ್ಪತ್ರೆಯ ಅಥವಾ ವಡೋದರಾದ ಎಸ್‌ಎಸ್‌ಜಿಯ ಹೊರರೋಗಿ ವಿಭಾಗಕ್ಕೆ ಬೆಳಗ್ಗೆ ಹೋಗಿ ನಿಂತು ನೋಡಿ ಎನ್ನುತ್ತಾರೆ. ನೋಡಿದ್ದೇನೆ, ಒಪ್ಪುತ್ತೇನೆ. ರೋಗಿಗಳೂ ವಿವರಣೆ ಕೇಳುವುದಿಲ್ಲ, ಮಾತ್ರೆ ಕೇಳುತ್ತಾರೆ ಎನ್ನುತ್ತಾರೆ. ಅದೂ ಅರ್ಧ ನಿಜ. ಆದರೆ ಮಾವ ಹೋದದ್ದು ದುಡ್ಡು ಕೊಟ್ಟು ಅಪಾಯಿಂಟ್‌ಮೆಂಟ್ ಪಡೆದ ಕಡೆ. ಎಂಡೋಸ್ಕೋಪಿಗೆ ಸಮಯವಿತ್ತು, ಆಪರೇಷನ್ನಿನ ಅಂದಾಜು ಖರ್ಚು ಬರೆದುಕೊಡಲು ಸಮಯವಿತ್ತು. 'ಊಟಕ್ಕೆ ಅರ್ಧ ಗಂಟೆ ಮೊದಲು' ಎನ್ನಲು ಮಾತ್ರ ಇರಲಿಲ್ಲ.

ಇದು ದಾಕ್ಷಿಣ್ಯದ ಪ್ರಶ್ನೆಯೂ ಅಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲೇ ಹೇಳಿದೆ: ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಪರ್ಯಾಯಗಳು, ಮುಖ್ಯ ಅಪಾಯಗಳು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನು ರೋಗಿಗೆ ತಿಳಿಸಿದ ಮೇಲಷ್ಟೇ ಅವರ ಒಪ್ಪಿಗೆಗೆ ಅರ್ಥ. ನಾನು ದುಡ್ಡಿಗಾಗಿ ಅನುವಾದಿಸುವ ಪತ್ರದ ತಲೆಬರಹಗಳೇ ಇವು. ಕಾನೂನು ಪ್ರಯೋಗದ ಕೋಣೆಯಲ್ಲಿ ಒಂದು, ಕ್ಲಿನಿಕ್ಕಿನ ಕೋಣೆಯಲ್ಲಿ ಇನ್ನೊಂದು ಅಲ್ಲ. ಒಂದು ಕಡೆ ತಪಾಸಣೆ ಇದೆ, ಇನ್ನೊಂದು ಕಡೆ ಇಲ್ಲ, ಅಷ್ಟೇ.

ನಾನು ಹದಿನೆಂಟು ಪುಟ ಕೇಳುತ್ತಿಲ್ಲ. ಚೀಟಿಯ ಮೇಲೆ ನಾಲ್ಕು ಸಾಲು ಸಾಕು: ಏನಾಗಿದೆ ಎಂದು ನಿಮ್ಮ ಅನುಮಾನ, ಮಾತ್ರೆ ಊಟಕ್ಕೆ ಎಷ್ಟು ಮೊದಲು, ಯಾವ ತಾರೀಕಿಗೆ ನಿಲ್ಲಿಸಿ ನೋಡಬೇಕು, ಏನಾದರೆ ತಕ್ಷಣ ಬರಬೇಕು. ಕೊನೆಯದಕ್ಕೆ ಉತ್ತರ ಎಲ್ಲರಿಗೂ ಒಂದೇ: ತುತ್ತು ಗಂಟಲ ಕೆಳಗೆ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತವಾಂತಿಯಾದರೆ, ಮಲ ಕಪ್ಪಾದರೆ, ರಕ್ತ ಕಡಿಮೆಯಾದರೆ. ಡಾಕ್ಟರು ಬರೆಯದಿದ್ದರೆ ನೀವು ಕೇಳಿ, ಚೀಟಿಯ ಹಿಂದೆ ನೀವೇ ಬರೆದುಕೊಳ್ಳಿ. ಆಪರೇಷನ್ ಎಂದರೆ ಐದನೆಯ ಪ್ರಶ್ನೆ: ಪಿಎಚ್ ಪರೀಕ್ಷೆ, ಮ್ಯಾನೊಮೆಟ್ರಿ ಆಯಿತೇ, ಆಗದಿದ್ದರೆ ಯಾಕೆ ಬೇಡ?

ಮಾವ ಇನ್ನೊಬ್ಬ ವೈದ್ಯರ ಬಳಿ ಹೋದರು. ಅವರು ಇಪ್ಪತ್ತು ನಿಮಿಷ ಮಾತಾಡಿದರು, ಹಾಳೆಯ ಮೇಲೆ ವಪೆ, ಕಿಂಡಿ, ಜಠರ ಬರೆದು ತೋರಿಸಿದರು. ಬಾಲವಿಲ್ಲದ ಮಾತ್ರೆ, ಸಂಜೆ ಏಳಕ್ಕೆ, ಏಳೂವರೆಗೆ ಹೋಟೆಲಿನ ಹಿಂದಿನ ಕೋಣೆಯಲ್ಲೇ ಊಟ. ಎಂಟು ವಾರದ ನಂತರ ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ಬೇಕೆನಿಸಿದಾಗ ಮಾತ್ರ. ನಿಲ್ಲಿಸಿದ ಮೊದಲ ಮೂರು ವಾರ ಉರಿಯಿತು. ಉರಿಯುತ್ತದೆ ಎಂದು ಗೊತ್ತಿದ್ದರಿಂದ ತಡೆದುಕೊಂಡರು. ಹರ್ನಿಯಾ ಇದ್ದಲ್ಲೇ ಇದೆ. ಮಂಚದ ತಲೆಗೆ ಎರಡು ಇಟ್ಟಿಗೆ ಬಂದಿವೆ, ರಾತ್ರಿ ಜಾರಿ ಕೆಳಗೆ ಬರುತ್ತೇವೆ ಎಂದು ಅತ್ತೆಯ ದೂರು.

ಆ ಡಾಕ್ಟರು ಬರೆದ ಚಿತ್ರವನ್ನು ಮಾವ ಮಡಚಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಗ್ಯಾಸ್ ಎಂದು ಯಾರಾದರೂ ಗಿರಾಕಿ ಎದೆ ಉಜ್ಜಿಕೊಂಡರೆ ತೆಗೆದು ತೋರಿಸುತ್ತಾರಂತೆ, ಗುಜರಾತಿಯಲ್ಲಿ.